ಮುಖ ಬಿಡಿ, ಗಾಲಿ ನೋಡಿ: ಸಿನಿಮಾದ ಮಿಲಿಟರಿ ಲಾರಿ ಯಾವುದೆಂದು ಗುರುತಿಸುವ ಬಗೆ

ಪುಣೆಯ ದೇಹೂ ರೋಡಿನಲ್ಲಿರುವ ದೊಡ್ಡಪ್ಪನ ಮನೆಯಲ್ಲಿ ಭಾನುವಾರ ಊಟ ಮುಗಿಯುವ ಹೊತ್ತಿಗೆ ಟಿ.ವಿ.ಯಲ್ಲಿ ಯುದ್ಧದ ಸಿನಿಮಾ ಬಂತೆಂದರೆ ಯಾರಿಗೂ ನಿದ್ದೆಯಿಲ್ಲ. ದೊಡ್ಡಪ್ಪ ಸೈನ್ಯದ ಸರಬರಾಜು ದಳದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಲಾರಿ ಓಡಿಸಿದವರು. ಬೆಂಗಳೂರಿನಲ್ಲಿ ತರಬೇತಿ ಪಡೆದು, ದೇಶದ ಮೂಲೆಮೂಲೆ ಸುತ್ತಿ, ಕೊನೆಗೆ ಇಲ್ಲಿನ ಡಿಪೋದಲ್ಲಿ ನಿವೃತ್ತರಾದರು. ಧಾರವಾಡಕ್ಕೆ ಮರಳುವ ಮಾತು ಪ್ರತಿ ಯುಗಾದಿಗೂ ಬರುತ್ತದೆ, ದೀಪಾವಳಿಯ ಹೊತ್ತಿಗೆ ಮರೆತುಹೋಗುತ್ತದೆ.

ಒಂದು ಭಾನುವಾರ 1971ರ ಯುದ್ಧದ ಕಥೆಯೊಂದು ನಡೆಯುತ್ತಿತ್ತು. ಮರಳುಗಾಡಿನ ದಾರಿಯಲ್ಲಿ ಮೂರು ಹಸಿರು ಲಾರಿಗಳು ಧೂಳೆಬ್ಬಿಸುತ್ತ ಬಂದು ತಿರುವಿನಲ್ಲಿ ಹೊರಳಿದವು. "ತಮ್ಮಾ, ನಿಲ್ಲಿಸು" ಎಂದರು ದೊಡ್ಡಪ್ಪ. ನಾನು ರಿಮೋಟ್ ಒತ್ತಿದೆ. ಅವರು ಮೊಣಕಾಲ ಮೇಲೆ ಕೈಯೂರಿ ಎದ್ದು, ಟಿ.ವಿ.ಯ ಹತ್ತಿರ ಹೋಗಿ, ಮೂರನೆಯ ಲಾರಿಯ ಎರಡು ಮುಂಗಾಲಿಗಳ ನಡುವೆ ಬೆರಳಿಟ್ಟರು. "ಮೊದಲೆರಡು ಶಕ್ತಿಮಾನ್. ಇದು ಅಲ್ಲ. ಇಲ್ಲಿ ಒಂದು ಗುಂಡು ಇರಬೇಕಿತ್ತು, ಇಲ್ಲ. ಇದು ಕಾರ್ಖಾನೆಗೆ ಕಬ್ಬು ಹೊರುವ ಲಾರಿ, ಹಸಿರು ಬಳಿದು ತಂದು ನಿಲ್ಲಿಸಿದ್ದಾರೆ." ಗಾಜಿನ ಮೇಲೆ ಅವರ ಬೆರಳಚ್ಚು ಸಂಜೆಯವರೆಗೂ ಹಾಗೇ ಇತ್ತು.

ಅವರು ಹೇಳಿದ ಗುಂಡು ಡಿಫರೆನ್ಷಿಯಲ್, ಎಂದರೆ ಎರಡೂ ಬದಿಯ ಗಾಲಿಗೆ ಶಕ್ತಿ ಹಂಚುವ ಹಲ್ಲುಚಕ್ರಗಳ ಗೂಡು. ಎಂಜಿನಿನ ಶಕ್ತಿ ಮುಂದಿನ ಗಾಲಿಗಳಿಗೂ ಹೋಗುವ ಲಾರಿಯಲ್ಲಿ ಅವೆರಡನ್ನೂ ಜೋಡಿಸುವ ಅಚ್ಚಿನ (ಆಕ್ಸಲ್) ಮೇಲೆ ಕುಂಬಳಕಾಯಿಯಂಥ ಉಬ್ಬು ಇರುತ್ತದೆ. ಬರಿಯ ಹಿಂಗಾಲಿಗಳಿಂದ ಓಡುವ ಊರ ಲಾರಿಯಲ್ಲಿ ಅಲ್ಲೊಂದು ನೆಟ್ಟಗಿನ ಕಬ್ಬಿಣದ ತೊಲೆ ಮಾತ್ರ. ಆವತ್ತಿನಿಂದ ನಾನು ಸಿನಿಮಾದ ಲಾರಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುವುದನ್ನು ಕಲಿತೆ. ಮುಂಬೈಯ ಗೋರೆಗಾಂವ್ ಕಡೆ ಕಲಾ ವಿಭಾಗದಲ್ಲಿ ದುಡಿಯುವ ನಮ್ಮವರ ಹುಡುಗನೊಬ್ಬ, "ಅಣ್ಣಾ, ಯಾವ ಲಾರಿ ಯಾವ ಕಥೆಗೆ ಹೊಂದುತ್ತದೆ, ಒಂದು ಕಡೆ ಬರೆದುಕೊಡಿ" ಎಂದು ಕೇಳಿದ್ದರಿಂದ ಇದನ್ನು ಬರೆಯಲು ಕುಳಿತಿದ್ದೇನೆ. ನೋಡಿ ಗುರುತಿಸುವವರಿಗೂ ಆರಿಸಿ ತರುವವರಿಗೂ ಬೇಕಾದ ತಿಳಿವಳಿಕೆ ಒಂದೇ.

ಯಾವುದನ್ನು ನಂಬಬೇಕು

ಸಿನಿಮಾದವರು ಬದಲಿಸಬಲ್ಲದ್ದು ಬಹಳ. ಬಣ್ಣ, ಲಾಂಛನ, ನಂಬರ್ ಪ್ಲೇಟು, ಹಿಂದಿನ ತಾಡಪತ್ರಿ, ಬಂಪರ್, ಮುಂದಿನ ಜಾಲರಿ ಎಲ್ಲವನ್ನೂ ಒಂದು ರಾತ್ರಿಯಲ್ಲಿ ಬದಲಿಸಿಬಿಡುತ್ತಾರೆ. ನಮ್ಮ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ, ಮೋಸಹೋಗುವುದೂ ಅಲ್ಲೇ. ಬದಲಿಸಲಾಗದ್ದು ಲಾರಿಯ ಅಸ್ಥಿಪಂಜರ: ಅಚ್ಚುಗಳೆಷ್ಟು, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ, ಹಿಂದೆ ಒಂಟಿ ಟಯರೋ ಜೋಡಿ ಟಯರೋ, ಚಾಲಕ ಕುಳಿತಿರುವುದು ಮುಂಗಾಲಿಯ ಮೇಲೋ ಅದರ ಹಿಂದೋ, ಸ್ಟೀರಿಂಗ್ ಎಡಕ್ಕೋ ಬಲಕ್ಕೋ.

ಆದ್ದರಿಂದ ನನ್ನ ಕ್ರಮ ಹೀಗೆ. ಮೊದಲು ಗಾಲಿ ಎಣಿಸುತ್ತೇನೆ. ಆಮೇಲೆ ಕ್ಯಾಬಿನ್ ಎಲ್ಲಿ ಕುಳಿತಿದೆ ಎಂದು ನೋಡುತ್ತೇನೆ. ಮುಂದಿನ ಅಚ್ಚಿನ ಉಬ್ಬನ್ನು ಹುಡುಕುತ್ತೇನೆ. ಮೂತಿ, ದೀಪ, ಜಾಲರಿಗಳ ಸರದಿ ಕೊನೆಗೆ. ಇದಕ್ಕೆಲ್ಲ ಒಳ್ಳೆಯ ಚೌಕಟ್ಟು ಲಾರಿ ನೇರವಾಗಿ ನಮ್ಮ ಕಡೆ ಬರುವಾಗಿನದಲ್ಲ, ತಿರುಗುವಾಗಿನದು. ಮುಂಗಾಲಿ ಒಂದು ಕಡೆ ಹೊರಳಿದಾಗ ಅದರ ಹಿಂದಿನ ಅಚ್ಚು ಬಯಲಾಗುತ್ತದೆ. ಹಳ್ಳವನ್ನೋ ದಿಣ್ಣೆಯನ್ನೋ ದಾಟುವ ಕ್ಷಣವೂ ಹಾಗೆಯೇ. ಯುದ್ಧದ ಸಿನಿಮಾದಲ್ಲಿ ಹಳ್ಳಗಳಿಗೆ ಬರವಿಲ್ಲ.

ಸದ್ದನ್ನು ಮಾತ್ರ ನಂಬಬೇಡಿ. ನಮ್ಮ ಚಿತ್ರರಂಗದಲ್ಲಿ ಬಹುಕಾಲ ಸದ್ದನ್ನೆಲ್ಲ ಸ್ಟುಡಿಯೋದಲ್ಲಿ ಆಮೇಲೆ ಕೂಡಿಸುತ್ತಿದ್ದರು. ಪರದೆಯ ಮೇಲೆ ಓಡುವುದು ಒಂದು ಲಾರಿ, ಕಿವಿಗೆ ಬೀಳುವುದು ಇನ್ನೊಂದರ ಎಂಜಿನ್. ಸ್ಟೀರಿಂಗ್ ಯಾವ ಕಡೆ ಎಂದು ತೀರ್ಮಾನಿಸುವ ಮೊದಲು ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದೆಯೇ ಎಂದೂ ನೋಡಿಕೊಳ್ಳಿ. ಬರಹವೋ ಅಂಕಿಯೋ ಎಲ್ಲಾದರೂ ಕಂಡರೆ ಅದು ಗೊತ್ತಾಗಿಬಿಡುತ್ತದೆ.

ನಮ್ಮ ಸೈನ್ಯದ ಲಾರಿಗಳು: ಶಕ್ತಿಮಾನೋ, ಸ್ಟಾಲಿಯನ್ನೋ?

ಹಿಂದಿ ಮತ್ತು ಕನ್ನಡ ಸಿನಿಮಾಗಳಲ್ಲಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ, ಹೆಚ್ಚು ಪ್ರಯೋಜನವಾಗುವುದೂ ಇಲ್ಲಿಯೇ.

ಶಕ್ತಿಮಾನ್ ಜರ್ಮನಿಯ ಮಾನ್ ಕಂಪನಿಯ ವಿನ್ಯಾಸ. ಆ ಕಂಪನಿಯ ಹೆಸರು ಇದರ ಹೆಸರಿನ ಬಾಲದಲ್ಲೇ ಕುಳಿತಿದೆ. ಮಾನ್ 415 ಎಂಬ ಮಾದರಿಯನ್ನು ಪರವಾನಗಿ ಪಡೆದು 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. ಮುಂದೆ ಅದೇ ಊರಿನ ವಾಹನ ಕಾರ್ಖಾನೆಯಲ್ಲಿ ತಯಾರಿಕೆ ಮುಂದುವರಿದು 1996ರಲ್ಲಿ ನಿಂತಿತು. ಎರಡೇ ಅಚ್ಚು, ನಾಲ್ಕೂ ಕಡೆಗೆ ಶಕ್ತಿ. ಚಾಲಕನ ಮುಂದೆ ಉದ್ದನೆಯ ಬಾನೆಟ್ಟು, ದುಂಡನೆಯ ಮೂತಿ, ಅಕ್ಕಪಕ್ಕದಲ್ಲಿ ಭುಜದಂಥ ಅಗಲವಾದ ಮಡ್‌ಗಾರ್ಡು. ದೊಡ್ಡಪ್ಪ ಅದನ್ನು ಎತ್ತಿಗೆ ಹೋಲಿಸುತ್ತಾರೆ, ಕಾರ ಹುಣ್ಣಿಮೆಯ ದಿನ ಮೈತೊಳೆದು ನಿಲ್ಲಿಸಿದ ಎತ್ತು ಎನ್ನುತ್ತಾರೆ. ಬದಿಯಿಂದ ನೋಡಿದಾಗ ಮೂಗು, ಕ್ಯಾಬಿನ್, ಹಿಂದಿನ ಪೆಟ್ಟಿಗೆ ಮೂರೂ ಬೇರೆಬೇರೆಯಾಗಿ ಕಂಡರೆ, ಗಾಲಿ ನಾಲ್ಕು ಕಡೆ ಮಾತ್ರ ಇದ್ದರೆ, ಮುಂದಿನ ಅಚ್ಚಿನಲ್ಲಿ ಗುಂಡಿದ್ದರೆ, ಸ್ಟೀರಿಂಗ್ ಬಲಕ್ಕಿದ್ದರೆ ಅದು ಬಹುತೇಕ ಶಕ್ತಿಮಾನ್.

ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಇದಕ್ಕೆ ಪೂರ್ತಿ ವಿರುದ್ಧ. ಅದಕ್ಕೆ ಮೂಗೇ ಇಲ್ಲ. ಚಾಲಕ ಮುಂಗಾಲಿಯ ಮೇಲೆಯೇ, ಎತ್ತರದಲ್ಲಿ, ಚಪ್ಪಟೆ ಮುಖದ ಪೆಟ್ಟಿಗೆಯಲ್ಲಿ ಕುಳಿತಿರುತ್ತಾನೆ. ಗೆರೆ ಎಳೆದಂತೆ ಮೂಲೆಮೂಲೆಯಾದ ಕ್ಯಾಬಿನ್. 1990ರ ದಶಕದಲ್ಲಿ ಶಕ್ತಿಮಾನಿನ ಜಾಗಕ್ಕೆ ಬಂದದ್ದು ಇದು. ಹಾಗಾಗಿ 1962, 1965, 1971ರ ಕಥೆಯಲ್ಲಿ ಸ್ಟಾಲಿಯನ್ ಕಂಡರೆ ಅದು ತಪ್ಪು, ಅನುಮಾನವೇ ಬೇಡ. ಚಿತ್ರೀಕರಣಕ್ಕೆ ಸೈನ್ಯ ತನ್ನ ಗಾಡಿಗಳನ್ನು ಕೊಟ್ಟಾಗ ಅದರ ಬಳಿ ಆಗ ಓಡುತ್ತಿರುವುದನ್ನೇ ಕೊಡುತ್ತದೆ, ಈ ತಪ್ಪು ನುಸುಳುವುದು ಹಾಗೆ. 1999ರ ಕಾರ್ಗಿಲ್ ಕಥೆಯಲ್ಲಾದರೆ ಸ್ಟಾಲಿಯನ್ನೂ ಸರಿ, ಶಕ್ತಿಮಾನೂ ಸರಿ. ತಯಾರಿಕೆ ನಿಂತ ಮೂರೇ ವರ್ಷಕ್ಕೆ ಯಾವ ಸೈನ್ಯವೂ ಲಾರಿಗಳನ್ನು ಮೂಲೆಗೆ ತಳ್ಳುವುದಿಲ್ಲ.

ಸ್ಟಾಲಿಯನ್ ಜೊತೆ ಬೆರೆತುಹೋಗುವುದು ಟಾಟಾದ ಎಲ್‌ಪಿಟಿಎ 713. ಇದಕ್ಕೂ ಚಪ್ಪಟೆ ಮುಖ, ಎರಡು ಅಚ್ಚು, ನಾಲ್ಕು ಕಡೆಗೂ ಶಕ್ತಿ. ಬೇರ್ಪಡಿಸಲು ಅಳತೆಯೇ ಗತಿ. ಟಾಟಾದ್ದು ಎರಡೂವರೆ ಟನ್ನಿನ ಗಾಡಿ, ಸ್ಟಾಲಿಯನ್ ಅದರ ಎರಡರಷ್ಟು ಹೊರುವಂಥದ್ದು. ಪಕ್ಕದಲ್ಲಿ ಸಿಪಾಯಿಯೊಬ್ಬ ನಿಂತಿರುವ ಚೌಕಟ್ಟನ್ನು ಹುಡುಕಿ. ಸ್ಟಾಲಿಯನ್ನಿನ ಬಾಗಿಲಿಗೆ ಹತ್ತಬೇಕಾಗುತ್ತದೆ, ಟಾಟಾದ ಬಾಗಿಲಿಗೆ ಕಾಲೆತ್ತಿಟ್ಟರೆ ಸಾಕು. ಟಾಟಾ ಸಂಖ್ಯೆಗಳನ್ನು ಓದುವುದು ಪುಣೆಯಲ್ಲಿ ಮಕ್ಕಳಿಗೂ ಗೊತ್ತು: 1210 ಎಂದರೆ ಹೊರೆ ಸೇರಿ 12 ಟನ್, 100 ಅಶ್ವಶಕ್ತಿ. 1612 ಎಂದರೆ 16 ಟನ್, 120. ಈ ಲೆಕ್ಕ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದ ಕಾಲದ ಬಳುವಳಿ. ಆ ಒಪ್ಪಂದ ಆದದ್ದು 1954ರಲ್ಲಿ. 1969ರವರೆಗೆ ಟಾಟಾ ಲಾರಿಗಳ ಹಣೆಯಲ್ಲಿ ಬೆಂಜಿನ ಮೂರು ಮೊನೆಯ ನಕ್ಷತ್ರವೇ ಇತ್ತು. 1965ರ ಕಥೆಯ ಪೇಟೆಬೀದಿಯ ಲಾರಿಯ ಮೂತಿಯ ಮೇಲೆ ಟಾಟಾದ ಗುರುತು ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ.

ಒಂದು ಟನ್ನಿನ ನಿಸಾನ್ ಇವೆಲ್ಲಕ್ಕಿಂತ ಚಿಕ್ಕದು. ಅದೂ ಜಬಲ್ಪುರದಲ್ಲೇ ತಯಾರಾಗುತ್ತಿತ್ತು. ಮೂಲತಃ ಅಮೆರಿಕದ ಡಾಡ್ಜ್ ಮಿಲಿಟರಿ ಪಿಕಪ್ಪಿನ ಮಾದರಿಯನ್ನು ಅನುಸರಿಸಿ ಜಪಾನಿನಲ್ಲಿ ರೂಪಿಸಿದ ಗಾಡಿ. ಆದ್ದರಿಂದ ದೂರದಿಂದ ಡಾಡ್ಜ್ ಎಂದೇ ಅನ್ನಿಸುತ್ತದೆ. ಮೂಗಿದೆ, ಆದರೆ ಶಕ್ತಿಮಾನಿನ ಭಾರವಿಲ್ಲ. ಹಿಂದಿನ ಪೆಟ್ಟಿಗೆಯಲ್ಲಿ ಎದುರುಬದುರು ಕೂತ ಜವಾನರ ಮೊಣಕಾಲುಗಳು ತಾಗುವಷ್ಟೇ ಜಾಗ. ಇದೇ ನಿಸಾನ್ ಬಳಗದ ಜೊಂಗಾ ಲಾರಿಯಲ್ಲ, ಜೀಪಿನ ಅಣ್ಣ. ಜಬಲ್ಪುರದ ಕಾರ್ಖಾನೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆ ಹೆಸರು ಹುಟ್ಟಿತು. ತಯಾರಿಕೆ 1969ರಿಂದ 1999ರವರೆಗೆ ನಡೆಯಿತು. 1965ರ ಯುದ್ಧದಲ್ಲಿ ಜೊಂಗಾ ಓಡಿಸುವ ನಾಯಕನಿದ್ದರೆ ಅವನು ನಾಲ್ಕು ವರ್ಷ ಮುಂಚೆಯೇ ಹೊರಟುಬಿಟ್ಟಿದ್ದಾನೆ.

ಟಾಟ್ರಾದ ವಿಷಯದಲ್ಲಿ ತಪ್ಪುವುದೇ ಕಷ್ಟ. ಬೆಂಗಳೂರಿನ ಬಿಇಎಂಎಲ್ 1986ರಲ್ಲಿ ಚೆಕೊಸ್ಲೊವಾಕಿಯಾದ ಜೊತೆ ಒಪ್ಪಂದ ಮಾಡಿಕೊಂಡು ಇದನ್ನು ನಮ್ಮ ಸೈನ್ಯಕ್ಕೆ ತಂದಿತು. ಆರು ಅಥವಾ ಎಂಟು ಗಾಲಿ, ಎಲ್ಲಕ್ಕೂ ಶಕ್ತಿ. ಪಿನಾಕ ರಾಕೆಟ್‌ಗಳನ್ನು ಹೊರುವುದು ಇದೇ. ಎರಡು ಗುರುತುಗಳು ಸಾಕು. ಮೊದಲನೆಯದು, ನಮ್ಮ ರಸ್ತೆಯಲ್ಲೂ ಬಹುತೇಕ ಟಾಟ್ರಾಗಳ ಸ್ಟೀರಿಂಗ್ ಎಡಗಡೆ. ಎರಡನೆಯದು ನನಗೆ ಬಹಳ ಇಷ್ಟವಾದದ್ದು. ಟಾಟ್ರಾಕ್ಕೆ ಉಳಿದ ಲಾರಿಗಳಂತೆ ಎಡದಿಂದ ಬಲಕ್ಕೆ ಹಾಯ್ದ ನೆಟ್ಟಗಿನ ಅಚ್ಚಿಲ್ಲ. ನಡುವೆ ಬೆನ್ನೆಲುಬಿನಂಥ ದಪ್ಪ ಕೊಳವೆ, ಅದರಿಂದ ಪಕ್ಕೆಲುಬಿನಂತೆ ಹೊರಟ ಅರ್ಧ ಅಚ್ಚುಗಳು. ಒಂದೊಂದು ಗಾಲಿಯೂ ತನ್ನಷ್ಟಕ್ಕೆ ಏರಿಳಿಯುತ್ತದೆ. ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ ಈ ಉಪಾಯವನ್ನು ಟಾಟ್ರಾ 11 ಎಂಬ ಕಾರಿನಲ್ಲಿ ತಂದದ್ದು 1923ರಲ್ಲಿ. ಹೊರೆಯಿಲ್ಲದೆ ನಿಂತ ಟಾಟ್ರಾವನ್ನು ಎದುರಿನಿಂದ ನೋಡಿದರೆ ಗಾಲಿಗಳು ಕೆಳಗೆ ಹತ್ತಿರ, ಮೇಲೆ ದೂರವಾಗಿ ವಾಲಿರುತ್ತವೆ. ಹಳ್ಳ ದಾಟುವಾಗ ಒಂದೊಂದೂ ಒಂದೊಂದು ಕೋನದಲ್ಲಿ ಹೆಜ್ಜೆಯಿಡುತ್ತದೆ. ನಾನು ಮೊದಲ ಸಲ ಅದನ್ನು ಕಂಡಾಗ ಬೆರಗಿನಿಂದ ಆ ದೃಶ್ಯವನ್ನು ಮೂರು ಸಲ ಹಿಂದೆ ಓಡಿಸಿ ನೋಡಿದೆ.

ಇನ್ನು ದೊಡ್ಡಪ್ಪ ಬೆರಳಿಟ್ಟ ಕಬ್ಬಿನ ಲಾರಿ. ಸೈನ್ಯದ ವೇಷ ತೊಟ್ಟ ಊರ ಲಾರಿ ನಮ್ಮ ಸಿನಿಮಾಗಳಲ್ಲಿ ಮತ್ತೆಮತ್ತೆ ಎದುರಾಗುತ್ತದೆ. ಟಾಟಾದ ಗಿಡ್ಡ ಮೂಗಿನ ಲಾರಿಗೆ ಹಸಿರು ಬಳಿದರೆ ಅರೆಕ್ಷಣ ಶಕ್ತಿಮಾನಿನಂತೆ ಕಾಣುವುದುಂಟು. ಮೂರು ಕಡೆ ಕಣ್ಣಿಡಿ. ಮುಂದಿನ ಅಚ್ಚಿನಲ್ಲಿ ಗುಂಡಿಲ್ಲ. ಮೈ ನೆಲಕ್ಕೆ ಹತ್ತಿರ, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಸಂದಿ ಕಡಿಮೆ. ಟಯರಿನ ಮೇಲಿನ ಗೀರುಗಳು ರಸ್ತೆಗೆ ತಕ್ಕ ಸಣ್ಣ ಗೀರುಗಳು, ಕೆಸರಿಗೆ ಬೇಕಾದ ಟ್ರ್ಯಾಕ್ಟರಿನಂಥ ಆಳದ ಸಾಲುಗಳಲ್ಲ. ಕ್ಯಾಬಿನ್ ಮೇಲೆ ಕಿರೀಟದಂಥ ಮರದ ಹಲಗೆಯ ಗುರುತು ಉಳಿದಿದ್ದರಂತೂ ಮಾತೇ ಬೇಡ.

ಪ್ಲೇಟೂ ಬಣ್ಣವೂ

ನಮ್ಮ ಸೈನ್ಯದ ನಂಬರ್ ಪ್ಲೇಟು ಮೇಲ್ಮುಖದ ಬಾಣದಿಂದ ಶುರುವಾಗುತ್ತದೆ. ಆಮೇಲಿನ ಎರಡು ಅಂಕಿ ಗಾಡಿ ಸೈನ್ಯಕ್ಕೆ ಸೇರಿದ ವರ್ಷ. ಅನಂತರ ಒಂದು ಅಕ್ಷರ, ಕ್ರಮಸಂಖ್ಯೆ, ಕೊನೆಗೆ ಗಾಡಿಯ ವರ್ಗ ಹೇಳುವ ಇನ್ನೊಂದು ಅಕ್ಷರ. ಚಿತ್ರೀಕರಣದವರು ಸೈನ್ಯದ ಗಾಡಿಯ ಪ್ಲೇಟನ್ನು ಹಾಗೇ ಬಿಟ್ಟಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಬಾಣದ ಮುಂದೆ 93 ಎಂದಿರುವ ಲಾರಿ 1971ರಲ್ಲಿ ಓಡುತ್ತಿರಲಾರದು. ಆದರೆ ಬರೆಸಿ ಅಂಟಿಸಿದ ಪ್ಲೇಟಾದರೆ ಅದು ಹೇಳುವುದು ಕಥೆಯ ವರ್ಷವನ್ನೇ ಹೊರತು ಲಾರಿಯ ವಯಸ್ಸನ್ನಲ್ಲ. ಒಂದೇ ಸಾಲಿನ ಮೂರು ಲಾರಿಗಳ ಕ್ರಮಸಂಖ್ಯೆ ಒಂದರ ಹಿಂದೆ ಒಂದರಂತೆ ಬಂದರೆ ನಾನು ಪ್ಲೇಟನ್ನು ಬದಿಗಿಟ್ಟು ಮತ್ತೆ ಗಾಲಿಗೆ ಇಳಿಯುತ್ತೇನೆ.

ಬಣ್ಣದ ಹಿಂದೆ ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದರ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳಲ್ಲದೆ ಬೇರಾವುದಕ್ಕೂ ಸೈನ್ಯದ ಆ ಆಲಿವ್ ಹಸಿರನ್ನು ಬಳಿಯುವಂತಿಲ್ಲ. ಹಾಗಾಗಿ ಬಾಡಿಗೆಗೆ ತಂದ ಲಾರಿಯ ಹಸಿರು ಎಲೆಹಸಿರಾಗಿಯೋ ಹಳದಿಗೆ ತಿರುಗಿದಂತೆಯೋ ಕಂಡರೆ ಆಶ್ಚರ್ಯವಿಲ್ಲ. ಆದರೂ ಬಣ್ಣವನ್ನು ಸಾಕ್ಷಿಯೆಂದು ಎಣಿಸಬೇಡಿ. ಫಿಲ್ಮು, ಬೆಳಕು, ಧೂಳು, ನಮ್ಮ ಟಿ.ವಿ. ಎಲ್ಲವೂ ಬಣ್ಣವನ್ನು ತಮಗೆ ಬೇಕಾದಂತೆ ಎಳೆಯುತ್ತವೆ.

ಎರಡನೆಯ ಮಹಾಯುದ್ಧ: ಜಿಎಂಸಿ, ಸ್ಟುಡಿಬೇಕರ್, ಎಂ35

ಹಾಲಿವುಡ್ಡಿನ ಯುದ್ಧಚಿತ್ರಗಳಲ್ಲಿ ಕಾಣುವ ಎರಡೂವರೆ ಟನ್ನಿನ ಲಾರಿಗಳ ವಿಷಯದಲ್ಲಿ ಗಾಲಿಯ ಎಣಿಕೆ ಒಂದೇ ಸಾಲದು. ಮೂರಕ್ಕೂ ಮೂರು ಅಚ್ಚು, ಹಿಂದೆ ಜೋಡಿ ಟಯರು, ಒಟ್ಟು ಹತ್ತು. ಹಾಗಾಗಿ ಇಲ್ಲಿ ಮಾತ್ರ ನಾನು ಮಡ್‌ಗಾರ್ಡಿಗೆ ಏರುತ್ತೇನೆ.

ಅಮೆರಿಕದ ಜನರಲ್ ಮೋಟರ್ಸ್ ಬಳಗದ ಜಿಎಂಸಿಯ ಸಿಸಿಕೆಡಬ್ಲ್ಯು ಮಾದರಿಯ ಮಡ್‌ಗಾರ್ಡು ಗಾಲಿಯ ಮೇಲೆ ದುಂಡಗೆ ಬಾಗಿ ಇಳಿಯುತ್ತದೆ, ಬಾನೆಟ್ಟು ಕಿರಿದು. 1941ರಿಂದ 1945ರ ನಡುವೆ 5.6 ಲಕ್ಷದಷ್ಟು ತಯಾರಾದವು. ಆ ಕಗ್ಗಂಟಿನ ಹೆಸರಿಗೂ ಅರ್ಥವಿದೆ: ಮೊದಲಿನ ಸಿ 1941ರ ವಿನ್ಯಾಸಕ್ಕೆ, ಎರಡನೆಯದು ಮೂಗಿರುವ ಸಾಧಾರಣ ಕ್ಯಾಬಿನ್ನಿಗೆ, ಕೆ ಮುಂಗಾಲಿಯ ಶಕ್ತಿಗೆ, ಡಬ್ಲ್ಯು ಹಿಂದಿನ ಎರಡು ಅಚ್ಚುಗಳ ಶಕ್ತಿಗೆ. ಮೊದಮೊದಲಿನವಕ್ಕೆ ಕಬ್ಬಿಣದ ಮುಚ್ಚಿದ ಕ್ಯಾಬಿನ್, ಆಮೇಲಿನವಕ್ಕೆ ಬಟ್ಟೆಯ ಚಾವಣಿ. ಇನ್ನೂ ಆಳಕ್ಕೆ ಇಳಿಯುವವರಿಗೆ ಅಚ್ಚಿನಲ್ಲೇ ಎರಡು ಬಗೆ: ನಡುವಿನ ಗುಂಡು ಎರಡು ಹೋಳು ಬೆಸೆದಂತಿದ್ದರೆ ಟಿಮ್ಕೆನ್ ತಯಾರಿಕೆ, ಒಂದೇ ದುಂಡು ಡೋಲಕ್ಕಿನಂತಿದ್ದರೆ ಜನರಲ್ ಮೋಟರ್ಸಿನದೇ. ಲಾರಿ ದಿಣ್ಣೆ ಏರುವಾಗ ಹಿಂದಿನಿಂದ ತೆಗೆದ ಚೌಕಟ್ಟಿನಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಸ್ಟುಡಿಬೇಕರ್ ಯುಎಸ್6 ಮಾದರಿಯ ಮಡ್‌ಗಾರ್ಡು ಚಪ್ಪಟೆ, ತಗಡು ಮಡಚಿ ಮಾಡಿದಂತೆ ಕೋನಕೋನ. ಸುಮಾರು 2 ಲಕ್ಷ ತಯಾರಾಗಿ, ಅದರಲ್ಲಿ ಹೆಚ್ಚಿನ ಪಾಲು ಸೋವಿಯತ್ ಒಕ್ಕೂಟಕ್ಕೆ ಹೋಯಿತು. ರಷ್ಯಾದ ಯುದ್ಧಚಿತ್ರದಲ್ಲಿ ಅಮೆರಿಕದ ಲಾರಿ ಕಂಡು ತಪ್ಪೆಂದು ಹೇಳುವ ಮುನ್ನ ಇದು ನೆನಪಿರಲಿ. ಕತ್ಯೂಷಾ ರಾಕೆಟ್‌ಗಳನ್ನು 1943ರಿಂದ ಹೊತ್ತದ್ದು ಇದೇ ಸ್ಟುಡಿಬೇಕರ್, ಅದಕ್ಕೂ ಮೊದಲು ಸೋವಿಯತ್ತಿನದೇ ಲಾರಿಯಾದ ಝಿಸ್-6. ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ಅವೇ ರಾಕೆಟ್ ಹಳಿಗಳನ್ನು ಝಿಲ್-157ರ ಮೇಲೂ ಕೂರಿಸಿದರು. ಝಿಲ್-157 ತಯಾರಾಗತೊಡಗಿದ್ದು 1958ರಲ್ಲಿ, ಮುಖ ನೋಡಿದರೆ ಸ್ಟುಡಿಬೇಕರಿನ ತಮ್ಮನೇ. ಸ್ಟಾಲಿನ್‌ಗ್ರಾಡಿನ ಕಥೆಯಲ್ಲಿ ಅದು ನುಗ್ಗಿದಾಗ ಕಾಪಾಡುವುದು ಮತ್ತೆ ಗಾಲಿ: ಸ್ಟುಡಿಬೇಕರಿಗೆ ಹಿಂದೆ ಜೋಡಿ ಟಯರು, ಝಿಲ್-157ಕ್ಕೆ ಒಂಟಿ. ಮೊದಲು ಹಿಂಗಾಲಿ, ಆಮೇಲೆ ರಾಕೆಟ್ಟು.

ಎಂ35 ಅಮೆರಿಕದ ಸೈನ್ಯಕ್ಕೆ ಬಂದದ್ದು 1950ರ ದಶಕದಲ್ಲಿ. ಆಮೇಲೆ ದಶಕಗಟ್ಟಲೆ ಓಡಿತು, ಸುಲಭವಾಗಿ ಸಿಗುತ್ತಿತ್ತು. ಅದಕ್ಕೇ ನಾರ್ಮಂಡಿಯ ಕಥೆಗಳಲ್ಲೂ ಇದೇ ಬಂದು ನಿಲ್ಲುತ್ತದೆ. ಬಾನೆಟ್ಟು ಅಗಲ, ಮಡ್‌ಗಾರ್ಡು ಮೇಜಿನ ಹಲಗೆಯಂತೆ ಸಪಾಟು. ಕ್ಯಾಬಿನ್ ಪಕ್ಕದಲ್ಲಿ ಹೊಗೆಕೊಳವೆ ನೆಟ್ಟಗೆ ಮೇಲಕ್ಕೆ ಎದ್ದಿದ್ದರೆ ಅದು ಇನ್ನೂ ಈಚಿನ ಎಂ35ಎ2. ಹತ್ತರ ಬದಲು ಆರೇ ದೊಡ್ಡ ಟಯರುಗಳಿದ್ದರೆ ಅದರ ಜೋಡಿ ಮಾದರಿಯಾದ ಎಂ34.

ಜೀಪಿನ ವಿಷಯ ಒಂದೇ ಮಾತಿನಲ್ಲಿ: ಮುಖದ ಸೀಳುಗಳನ್ನು ಎಣಿಸಿ. ಮಹಾಯುದ್ಧದ ವಿಲ್ಲೀಸ್ ಮತ್ತು ಫೋರ್ಡ್ ಜೀಪುಗಳಿಗೆ ಒಂಬತ್ತು, ಯುದ್ಧಾನಂತರದ ನಾಗರಿಕ ಜೀಪಿಗೆ ಏಳು. ಮುಂಬೈಯಲ್ಲಿ ಮಹೀಂದ್ರ 1947ರಲ್ಲಿ ಜೀಪು ಜೋಡಿಸತೊಡಗಿದ ಮೇಲೆ ನಮ್ಮಲ್ಲಿ ಬೆಳೆದ ಸಂತಾನದಲ್ಲಿ ಎತ್ತರದ ಬಾನೆಟ್ಟಿನ ಸಿಜೆ-3ಬಿ ಎದ್ದು ಕಾಣುತ್ತದೆ. ಅದು ಬರ್ಮಾ ಯುದ್ಧದ ಕಥೆಗೆ ಸಲ್ಲುವುದಿಲ್ಲ.

ಉಳಿದ ಸೈನ್ಯಗಳು, ಸಂಕ್ಷೇಪವಾಗಿ

ಜರ್ಮನ್ ಲಾರಿಯೆಂದರೆ ಓಪೆಲ್ ಬ್ಲಿಟ್ಸ್, ಮೂರು ಟನ್, ಎರಡು ಅಚ್ಚು, ಮುಖದ ಮೇಲೆ ಮಿಂಚಿನ ಗುರುತು. ಮಿಂಚನ್ನು ಅಂಟಿಸಬಹುದು, ಆದ್ದರಿಂದ ಕ್ಯಾಬಿನ್ ನೋಡಿ. ದುಂಡನೆಯ ಕಬ್ಬಿಣದ ಕ್ಯಾಬಿನ್ ಸಾಮಾನ್ಯ. ಮರದ ಹಲಗೆಯ ಚೌಕು ಕ್ಯಾಬಿನ್ ಇದ್ದರೆ ಅದು ಯುದ್ಧದ ಕೊನೆಗಾಲದ್ದು, ಕಬ್ಬಿಣಕ್ಕೆ ತತ್ವಾರ ಬಂದಾಗಿನದು. ಬ್ರಾಂಡೆನ್‌ಬುರ್ಗಿನ ಓಪೆಲ್ ಕಾರ್ಖಾನೆ 1944ರ ಆಗಸ್ಟಿನಲ್ಲಿ ಬಾಂಬಿಗೆ ತುತ್ತಾಯಿತು, ಡೈಮ್ಲರ್-ಬೆಂಜ್ ಕೂಡ ಬ್ಲಿಟ್ಸ್ ಕಟ್ಟಿಕೊಟ್ಟಿತು.

ಬ್ರಿಟಿಷರ ಕಡೆ ಮೂಗಿಲ್ಲದ ಎತ್ತರದ ಲಾರಿ ಕಂಡರೆ ಬೆಡ್‌ಫೋರ್ಡ್ ಕ್ಯುಎಲ್ ಇರಬಹುದು, ಅದರ ಕಾಲ 1941ರಿಂದ 1945. ಮೈ ದುಂಡಾಗಿ ತುಂಬಿಕೊಂಡಿದ್ದರೆ 1950ರ ದಶಕದ ಆರ್‌ಎಲ್. ಮುಂದಿನ ಗಾಜು ಹಣೆ ಚಾಚಿದಂತೆ ಮೇಲೆ ಮುಂದಕ್ಕೂ ಕೆಳಗೆ ಹಿಂದಕ್ಕೂ ವಾಲಿದ ಮೊಂಡು ಮೂತಿಯ ಗಾಡಿ ಕೆನಡಾದಲ್ಲಿ ತಯಾರಾದ ಷೆವರ್ಲೆಯೋ ಫೋರ್ಡೋ. ಚಿಕ್ಕಂದಿನಲ್ಲಿ ದಾಂಡೇಲಿಯ ಮರದ ಡಿಪೋದಲ್ಲಿ ಸೈನ್ಯ ಮಾರಿಬಿಟ್ಟ ಅಂಥ ಡಿಸ್ಪೋಸಲ್ ಲಾರಿಯೊಂದು ತೇಗದ ದಿಮ್ಮಿ ಎಳೆಯುವುದನ್ನು ಕಂಡಿದ್ದೇನೆ. ಬಾಗಿಲಿರಲಿಲ್ಲ, ಚಾಲಕ ಹಗ್ಗ ಅಡ್ಡ ಕಟ್ಟಿಕೊಂಡಿದ್ದ. ಅದರ ಗಾಜಿನ ಆ ಓಲು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಶೀತಲ ಸಮರದ ಸೋವಿಯತ್ ಲಾರಿಗಳಲ್ಲಿ ಮೂಗಿಲ್ಲದ, ಎರಡೇ ಅಚ್ಚಿನ ಚಿಕ್ಕದು ಗಾಝ್-66. ಮೂರು ಅಚ್ಚಿನ, ಮೂಗಿರುವ, ಹಿಂದೆ ಒಂಟಿ ಟಯರಿನವು ಝಿಲ್-131 ಮತ್ತು ಉರಾಲ್-375. ಗ್ರಾಡ್ ರಾಕೆಟ್ಟು ಹೊತ್ತಿದ್ದರೆ ಉರಾಲ್ ಎಂದು ಮೊದಲು ಊಹಿಸಿ. ಉರಾಲ್‌ನ ಮೂತಿ ಜಾಲರಿಯ ಕಡೆ ಪೆಟ್ಟಿಗೆಯಂತೆ ಮುಂದಕ್ಕೆ ಚಾಚಿಕೊಂಡಿದ್ದರೆ ಅದು 4320, ಡೀಸೆಲ್ ಎಂಜಿನಿಗೆ ಜಾಗ ಮಾಡಿಕೊಟ್ಟ 1977ರ ಮಾದರಿ. ಗಾಲಿಗಳು ಲಾರಿಗಿಂತ ದೊಡ್ಡವೇನೋ ಎನ್ನುವಷ್ಟು ಅಗಲವಾಗಿದ್ದರೆ ಕ್ರಾಝ್-255.

ಆರಿಸಿ ತರಬೇಕಾದವರಿಗೆ

ಈಗ ಗೋರೆಗಾಂವಿನ ತಮ್ಮನ ಪ್ರಶ್ನೆ. ಅವನ ಕೈಯಲ್ಲಿರುವುದು 1961ರ ಗೋವಾ ವಿಮೋಚನೆಯ ಕಥೆ. ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದ ಆ ಕಾರ್ಯಾಚರಣೆಯಲ್ಲಿ ನಮ್ಮ ಲಾರಿಗಳು ಗಡಿ ದಾಟುವ ದೃಶ್ಯ ಬೇಕು. ಅವನ ಮುಂದೆ ಬಾಡಿಗೆಗೆ ಸಿಗುವ ಗಾಡಿಗಳು ನಾಲ್ಕು: ಡಿಸ್ಪೋಸಲ್‌ನ ಶಕ್ತಿಮಾನ್ ಒಂದು, ಕೆಡದ ಹಳೆಯ ಡಾಡ್ಜ್ ಒಂದು, ಟಾಟಾದ ಊರ ಲಾರಿ ಬೇಕಾದಷ್ಟು, ಸ್ಟಾಲಿಯನ್ನಿನಂತೆ ಕಾಣುವ ಚಪ್ಪಟೆ ಮುಖದ ಗಾಡಿ ಎರಡು.

ನನ್ನ ಆಯ್ಕೆ ಮೊದಲು ಡಾಡ್ಜ್. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ 1940ರ ದಶಕದ ಕೊನೆಯಿಂದಲೇ ಡಾಡ್ಜ್, ಫಾರ್ಗೊ ಲಾರಿಗಳನ್ನು ಜೋಡಿಸುತ್ತಿತ್ತು. ಆ ಕಾಲದ ಯಾವ ದಾರಿಯ ಮೇಲೂ ಅದು ಹೊಂದಿಕೊಳ್ಳುತ್ತದೆ. ಶಕ್ತಿಮಾನ್ ಎರಡನೆಯದು. ತಯಾರಿಕೆ ಶುರುವಾಗಿ ಎರಡೇ ವರ್ಷವಾಗಿದ್ದರಿಂದ ಸಾಲಿನಲ್ಲಿ ಒಂದಿದ್ದರೆ ಒಪ್ಪಬಹುದು. ಇಡೀ ಸಾಲೇ ಶಕ್ತಿಮಾನ್ ಆದರೆ ಅದು ಹತ್ತು ವರ್ಷ ಆಮೇಲಿನ ನೋಟ. ಅದು ಹೊಸದಾಗಿಯೂ ಇರಬೇಕು, ಮಡ್‌ಗಾರ್ಡಿನಲ್ಲಿ ನಗ್ಗು, ಬಾನೆಟ್ಟಿನಲ್ಲಿ ತುಕ್ಕು ಇರಬಾರದು. 1961ರಲ್ಲಿ ಅದು ಕಾರ್ಖಾನೆಯಿಂದ ಆಗತಾನೆ ಹೊರಬಂದ ಮದುಮಗ.

ಟಾಟಾ ಊರ ಲಾರಿಗಳನ್ನು ಸಾಲಿನ ಹಿಂದೆ ಹಾಕಬಹುದು, ಕ್ಯಾಮೆರಾ ಹಿಂಬದಿಯಿಂದ ಓರೆಯಾಗಿ ನೋಡುವಂತೆ. ತಾಡಪತ್ರಿ ಇಳಿಬಿಟ್ಟಿರಲಿ, ಮೊಣಕಾಲೆತ್ತರದ ಹುಲ್ಲಿರುವ ದಾರಿಯಾದರೆ ಮುಂದಿನ ಅಚ್ಚು ಮರೆಯಾಗುತ್ತದೆ. ತಿರುವಿನಲ್ಲಿ ಅವನ್ನು ತೋರಿಸಲೇಬಾರದು. ಚಪ್ಪಟೆ ಮುಖದ ಆ ಎರಡು ಗಾಡಿಗಳನ್ನು ಹಗಲಿನಲ್ಲಿ ಹೊರಗೆ ತರಬೇಡ ಎಂದೆ. ರಾತ್ರಿಯ ದೃಶ್ಯದಲ್ಲಿ ದೂರದ ಘಟ್ಟದ ಮೇಲೆ ಎರಡು ಜೊತೆ ದೀಪಗಳಾಗಿ ಬೇಕಾದರೆ ಇಳಿದು ಬರಲಿ.

ಅವನು ಎಲ್ಲವನ್ನೂ ಬರೆದುಕೊಂಡ. ಮುಂದಿನ ಭಾನುವಾರ ಡಾಡ್ಜಿನ ಫೋಟೋಗಳನ್ನು ತಂದು ದೊಡ್ಡಪ್ಪನ ಮುಂದೆ ಹರಡಿದ. ಅವರು ಕನ್ನಡಕ ಏರಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ನಾಲ್ಕನೆಯ ಫೋಟೋವನ್ನು ಪಕ್ಕಕ್ಕಿಟ್ಟು, "ಗಾಡಿ ಸರಿ ಇದೆ. ಆದರೆ ಸ್ಟೆಪ್ನಿಗೆ ಹಾಕಿರುವುದು ಈ ಕಾಲದ ರೇಡಿಯಲ್ ಟಯರು, ಅದನ್ನು ಮೊದಲು ಬಿಚ್ಚಿಸು" ಎಂದರು.